ಬುದ್ಧಿ ಬರುವುದು ರಕ್ತದಿಂದಲೋ, ಬೆತ್ತದಿಂದಲೋ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ, ಊರು ಕುಂದಾಪುರದ ಕಡೆ. ಮಾವನವರು ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಫೋರ್ಟ್‌ನ ಹೋಟೆಲೊಂದರಲ್ಲಿ ಗ್ಲಾಸು ತೊಳೆಯುತ್ತ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಎಸ್‌ಎಸ್‌ಸಿ ಪಾಸಾದವರು. ನನ್ನ ಗಂಡ ಇಂಜಿನಿಯರ್. ಮಗನಿಗೆ ನಾಲ್ಕೂವರೆ ವರ್ಷ, ಇಂಗ್ಲಿಷ್ ಮಾಧ್ಯಮದ ಜೂನಿಯರ್ ಕೆಜಿ. 3 ಅಂಕಿಯನ್ನು ತಿರುಗುಮುರುಗಾಗಿ ಬರೆಯುತ್ತಾನೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಬೆರೆಸಿ ಮಾತನಾಡುತ್ತಾನೆ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತನಾಡಿ ಎಂದು ಟೀಚರ್ ಹೇಳಿದ್ದಾರೆ. ಕಳೆದ ವಾರ 3 ಮತ್ತೆ ತಪ್ಪಿದ್ದಕ್ಕೆ ಗಂಡ ಅವನ ಕೈಗೆ ಸ್ಕೇಲಿನಿಂದ ಹೊಡೆದರು. ‘ಅಪ್ಪನ ಬೆತ್ತದಿಂದಲೇ ನಾನು ಇಲ್ಲಿಗೆ ಬಂದೆ’ ಎನ್ನುತ್ತಾರೆ. ಅತ್ತೆಯವರು ‘ಬುದ್ಧಿ ರಕ್ತದಲ್ಲಿ ಬರುವುದು, ಹೊಡೆದರೂ ಅಷ್ಟೆ, ಬಿಟ್ಟರೂ ಅಷ್ಟೆ’ ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?

ಉತ್ತರ: ಮೊದಲು ಆ ಸ್ಕೇಲನ್ನು ಎತ್ತಿಡಿ. ಉಳಿದ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರಿಸಬಹುದು, ಇದಕ್ಕೆ ತಡ ಮಾಡಲಾಗದು. ಹುಡುಗ ಏಟು ತಿಂದದ್ದು ತಪ್ಪೇ ಅಲ್ಲದ ತಪ್ಪಿಗೆ.

ಹುಟ್ಟಿದ ದಿನದಿಂದ ಮಗುವಿನ ಮಿದುಳು ಒಂದು ಪಾಠವನ್ನು ಗಟ್ಟಿಯಾಗಿ ಕಲಿತಿರುತ್ತದೆ. ಬೆಕ್ಕು ಎಡಕ್ಕೆ ಮುಖ ಮಾಡಿ ಕೂತರೂ ಬಲಕ್ಕೆ ಮುಖ ಮಾಡಿ ಕೂತರೂ ಬೆಕ್ಕೇ. ಸೌಟಿನ ಹಿಡಿ ಯಾವ ಕಡೆಗಿದ್ದರೂ ಅದು ಸೌಟೇ. ಈ ಪಾಠ ಗೊತ್ತಿಲ್ಲದಿದ್ದರೆ ಮಗುವಿಗೆ ಲೋಕವೇ ಅರ್ಥವಾಗುತ್ತಿರಲಿಲ್ಲ. ಅಕ್ಷರ ಮತ್ತು ಅಂಕಿಗಳಿಗೆ ಬಂದಾಗ ಮಾತ್ರ ನಾವು ದೊಡ್ಡವರು ಇದ್ದಕ್ಕಿದ್ದಂತೆ ನಿಯಮ ಬದಲಾಯಿಸುತ್ತೇವೆ: 3ರ ಹೊಟ್ಟೆ ಬಲಕ್ಕೇ ಇರಬೇಕು ಎನ್ನುತ್ತೇವೆ. ಕಲಿತದ್ದನ್ನು ಈ ಒಂದು ಜಾಗದಲ್ಲಿ ಬಿಡಲು ಮಿದುಳಿಗೆ ಕಾಲ ಬೇಕು. ಓದುವ ಮಿದುಳಿನ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ಫ್ರಾನ್ಸಿನ ವಿಜ್ಞಾನಿ ಸ್ತಾನಿಸ್ಲಾಸ್ ದಹಾನ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಆರೇಳು ವರ್ಷದವರೆಗೆ ಮಕ್ಕಳು ಕನ್ನಡಿಯಲ್ಲಿ ಕಂಡಂತೆ ಬರೆಯುವುದು ಎಲ್ಲ ದೇಶಗಳಲ್ಲೂ ಕಾಣುವ ಸಂಗತಿ. ಹಿಟ್ಟಿನ ತಟ್ಟೆಯ ಮೇಲೆ ಬೆರಳಿನಿಂದ ದೊಡ್ಡದಾಗಿ 3 ಬರೆಸಿ, ಗಾಳಿಯಲ್ಲಿ ಕೈಯಾಡಿಸಿ ಬರೆಸಿ. ಸರಿಹೋಗುತ್ತದೆ.

ಇನ್ನು ನಿಮ್ಮ ಅತ್ತೆಯವರ ಮಾತು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂದು ನಮ್ಮ ಹಿರಿಯರು ಹೇಳಿದ್ದರಲ್ಲಿ ಅರ್ಧ ಸತ್ಯ ಖಂಡಿತ ಇದೆ. ಬುದ್ಧಿಶಕ್ತಿಯ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ದೊಡ್ಡದು ಎಂದು ಅವಳಿ ಮಕ್ಕಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆದರೆ 2003ರಲ್ಲಿ ಎರಿಕ್ ಟರ್ಕೈಮರ್ ಮತ್ತು ಸಂಗಡಿಗರು ಅಮೆರಿಕದ ಏಳು ವರ್ಷದ ಅವಳಿಗಳ ಮಾಹಿತಿಯನ್ನು ಮನೆಯ ಸ್ಥಿತಿಗತಿಗೆ ಅನುಗುಣವಾಗಿ ಬೇರ್ಪಡಿಸಿ ನೋಡಿದರು. ಅನುಕೂಲಸ್ಥರ ಮನೆಗಳಲ್ಲಿ ವ್ಯತ್ಯಾಸದ ಬಹುಪಾಲು ವಂಶವಾಹಿಗಳಿಂದ ಬಂದಿತ್ತು. ತೀರ ಬಡವರ ಮನೆಗಳಲ್ಲಿ ಅವುಗಳ ಪಾಲು ಬಹುತೇಕ ಕಾಣೆಯಾಗಿ, ಸುಮಾರು ಶೇ. 60ರಷ್ಟು ವ್ಯತ್ಯಾಸಕ್ಕೆ ಮನೆಯ ವಾತಾವರಣವೇ ಕಾರಣವಾಗಿತ್ತು. ನೂಲು ಎಷ್ಟೇ ಒಳ್ಳೆಯದಾದರೂ ಮಗ್ಗವೇ ಸಿಗದಿದ್ದರೆ ಅದರ ಗುಣ ಯಾರಿಗೂ ತಿಳಿಯುವುದಿಲ್ಲ. ಸ್ವೀಡನ್ನಿನಲ್ಲಿ 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 436 ಜೋಡಿ ಒಡಹುಟ್ಟಿದ ಸಹೋದರರದ್ದು. ಒಬ್ಬ ಹೆತ್ತವರ ಬಳಿ ಬೆಳೆದವನು, ಇನ್ನೊಬ್ಬ ದತ್ತು ಹೋದವನು. ಹದಿನೆಂಟರ ಆಸುಪಾಸಿನಲ್ಲಿ ಸೇನೆಯ ಭರ್ತಿಗೆಂದು ನಡೆದ ಪರೀಕ್ಷೆಯಲ್ಲಿ ದತ್ತು ಹೋದವರ ಐಕ್ಯೂ ಸರಾಸರಿ ನಾಲ್ಕಕ್ಕಿಂತ ತುಸು ಹೆಚ್ಚು ಅಂಕ ಮೇಲಿತ್ತು. ಸಾಕಿದವರು ಹೆಚ್ಚು ಓದಿದವರಾದಷ್ಟೂ ಅಂತರ ಹೆಚ್ಚು. ಅಣ್ಣತಮ್ಮಂದಿರ ರಕ್ತ ಒಂದೇ, ಮನೆ ಮಾತ್ರ ಬೇರೆ.

ನಿಮ್ಮ ಮಾವನವರನ್ನೇ ನೋಡಿ. ಹದಿಮೂರರ ಹುಡುಗನೊಳಗೆ ಏನಿತ್ತೋ ಅದು ಫೋರ್ಟ್‌ಗೆ ಬರುವ ಮೊದಲೂ ಇತ್ತು. ಅದು ಎಸ್‌ಎಸ್‌ಸಿ ಆದದ್ದು, ಹಗಲೆಲ್ಲ ದುಡಿದ ಹೋಟೆಲ್ ಹುಡುಗರಿಗಾಗಿ ಯಾರೋ ಸಂಜೆ ಶಾಲೆಯ ಬಾಗಿಲು ತೆರೆದು, ದೀಪ ಹಚ್ಚಿ, ಅವರ ಮಾತಿನಲ್ಲೇ ಪಾಠ ಹೇಳಿದ್ದರಿಂದ. ಆ ರಾತ್ರಿ ಶಾಲೆಗಳ ಋಣ ಮುಂಬಯಿ ಕನ್ನಡಿಗರ ಮೇಲೆ ಎಷ್ಟಿದೆ ಎಂದು ನೆನೆದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಮೂವತ್ತು ವರ್ಷಗಳಿಂದ ಈ ನಗರದಲ್ಲಿ ಮಕ್ಕಳ ಬೆಳವಣಿಗೆಯ ಕೆಲಸ ಮಾಡುತ್ತಿದ್ದೇನೆ. ನನ್ನ ಬಳಿ ಬರುವ ಕನ್ನಡದ ತಂದೆತಾಯಿಗಳಲ್ಲಿ ಎಷ್ಟೋ ಜನ ಅಂಥ ಹುಡುಗರ ಮಕ್ಕಳು, ಮೊಮ್ಮಕ್ಕಳು.

ಹಾಗಾದರೆ ಮನೆಯಲ್ಲಿ ಬುದ್ಧಿಯನ್ನು ಬೆಳೆಸುವುದು ಏನು? ಪುಸ್ತಕ, ಆಟಿಕೆ, ಟ್ಯೂಷನ್ ಎಲ್ಲದಕ್ಕಿಂತ ಮೊದಲು ನಾನು ಹೇಳುವುದು ಮಾತು. ಅದರಲ್ಲೂ ಮಗು ಆಡಿದ ಮಾತಿಗೆ ದೊಡ್ಡವರು ಕೊಡುವ ಮರುಮಾತು. ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಎಂಬಿಬ್ಬರು ಅಮೆರಿಕದ ಕ್ಯಾನ್ಸಸ್‌ನ 42 ಮನೆಗಳಲ್ಲಿ ವರ್ಷಗಟ್ಟಲೆ ಧ್ವನಿಮುದ್ರಣ ಮಾಡಿ, ಓದಿದವರ ಮಕ್ಕಳು ಬಡವರ ಮಕ್ಕಳಿಗಿಂತ 3 ಕೋಟಿ ಪದಗಳನ್ನು ಹೆಚ್ಚು ಕೇಳಿಸಿಕೊಳ್ಳುತ್ತಾರೆ ಎಂದು 1995ರಲ್ಲಿ ಲೆಕ್ಕ ಕೊಟ್ಟರು. ಆ ಅಂಕಿ ಜಗತ್ತನ್ನೆಲ್ಲ ಸುತ್ತಿತು. ಮುಂದೆ ಅದರ ಮೇಲೆ ಆಕ್ಷೇಪಗಳೂ ಬಂದವು. ಮಗುವಿನ ಸುತ್ತ ಇರುವ ಅಜ್ಜಿ, ಅತ್ತೆ, ನೆರೆಯವರು, ಅಣ್ಣ ಅಕ್ಕಂದಿರ ಮಾತನ್ನೂ ಸೇರಿಸಿದರೆ ಅಂತರ ಅಷ್ಟಿಲ್ಲ ಎಂದು ಡಗ್ಲಸ್ ಸ್ಪೆರಿ ಮತ್ತು ಜೊತೆಯವರು ತೋರಿಸಿದರು. ಚಾಳಿನ ಗ್ಯಾಲರಿಯಲ್ಲಿ ಹತ್ತು ಮನೆಯವರ ಮಾತಿನ ನಡುವೆ ಬೆಳೆದ ನನಗೆ ಈ ಆಕ್ಷೇಪ ಸರಿಯೆನಿಸುತ್ತದೆ. ಆದರೂ ಕಿವಿಗೆ ಬಿದ್ದ ಮಾತೆಲ್ಲ ಒಂದೇ ತೂಕದ್ದಲ್ಲ. 2018ರಲ್ಲಿ ರೇಚೆಲ್ ರೋಮಿಯೋ ಎಂಬ ಸಂಶೋಧಕಿ ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮನೆಮಾತನ್ನು ಮುದ್ರಿಸಿಕೊಂಡು, ಕಥೆ ಕೇಳುವಾಗ ಅವರ ಮಿದುಳು ಹೇಗೆ ಕೆಲಸ ಮಾಡುತ್ತದೆ ಎಂದು ಸ್ಕ್ಯಾನಿನಲ್ಲಿ ನೋಡಿದರು. ಮಾತು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೆಚ್ಚು ಸಲ ಹೋಗಿ ಬಂದ ಮನೆಯ ಮಕ್ಕಳಲ್ಲಿ ಭಾಷೆಯನ್ನು ನಿಭಾಯಿಸುವ ಬ್ರೋಕಾ ಭಾಗ ಹೆಚ್ಚು ಚುರುಕಾಗಿತ್ತು. ತಂದೆತಾಯಿಯ ಆದಾಯವನ್ನಾಗಲಿ ಬರಿಯ ಪದಗಳ ಎಣಿಕೆಯನ್ನಾಗಲಿ ಪರಿಗಣಿಸಿದ ಮೇಲೂ ಈ ಸಂಬಂಧ ಉಳಿಯಿತು.

ಇದು ನಿಮ್ಮ ಅಡುಗೆಮನೆಯಲ್ಲಿ ಹೇಗಿರುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಬ್ಬಕ್ಕೆ ಅತ್ತೆಯವರು ಕಡುಬಿಗೆ ಹಲಸಿನ ಎಲೆಯ ಕೊಟ್ಟೆ ಕಟ್ಟುತ್ತಿದ್ದಾರೆ ಎಂದುಕೊಳ್ಳಿ. ಹುಡುಗ ಬಂದು ಕಡ್ಡಿಗೆ ಕೈ ಹಾಕುತ್ತಾನೆ. ‘ಮುಟ್ಟಬೇಡ, ಚುಚ್ಚುತ್ತದೆ’ ಎಂದರೆ ಮಾತು ಅಲ್ಲಿಗೆ ಮುಗಿಯಿತು. ‘ಬಾ, ಈ ಎಲೆ ಹಿಡಿದುಕೋ. ಇನ್ನೊಂದನ್ನು ಎಲ್ಲಿ ಜೋಡಿಸಬೇಕು ಹೇಳು’ ಎಂದರೆ ಅವನು ನೋಡುತ್ತಾನೆ, ಯೋಚಿಸುತ್ತಾನೆ, ತಪ್ಪು ಜಾಗ ತೋರಿಸುತ್ತಾನೆ. ‘ಅಲ್ಲಿ ಇಟ್ಟರೆ ಹಿಟ್ಟು ಸೋರಿ ಹೋಗುವುದಿಲ್ಲವೇ?’ ಎಂದು ಅಜ್ಜಿ ಕೇಳುತ್ತಾರೆ. ಅವನು ತಿದ್ದಿಕೊಳ್ಳುತ್ತಾನೆ. ‘ಒಂದು ಕೊಟ್ಟೆಗೆ ನಾಲ್ಕು ಎಲೆ ಆಯಿತು. ಇನ್ನೊಂದಕ್ಕೆ ಎಷ್ಟು ತರುತ್ತೀ?’ ಈ ಐದು ನಿಮಿಷದಲ್ಲಿ ಎಣಿಕೆ ಇದೆ, ಕಾರ್ಯಕಾರಣ ಇದೆ, ಮುಂದಾಲೋಚನೆ ಇದೆ, ತಪ್ಪನ್ನು ತಾನೇ ಕಂಡು ಸರಿಪಡಿಸಿಕೊಳ್ಳುವ ಅಭ್ಯಾಸ ಇದೆ. ಮಗು ಒಬ್ಬನೇ ಮಾಡಲಾಗದ, ಆದರೆ ದೊಡ್ಡವರು ಕೈಗೂಡಿಸಿದರೆ ಮಾಡಬಲ್ಲ ಕೆಲಸದಲ್ಲೇ ಬುದ್ಧಿ ಬೆಳೆಯುತ್ತದೆ ಎಂದು ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿ ಹೇಳಿದ್ದು ಇದನ್ನೇ. 1976ರಲ್ಲಿ ಜೆರೋಮ್ ಬ್ರೂನರ್ ಮತ್ತು ಅವರ ಸಹಸಂಶೋಧಕರು ಇಂಥ ನೆರವನ್ನು ಕಟ್ಟಡದ ಸಾರುವೆಗೆ ಹೋಲಿಸಿದರು. ಡೊಂಬಿವಲಿಯಲ್ಲಿ ಕಿಟಕಿ ತೆರೆದರೆ ಬಿದಿರಿನ ಸಾರುವೆ ಕಾಣುತ್ತದೆಯಲ್ಲ, ಹಾಗೆ. ಗೋಡೆ ನಿಂತಷ್ಟು ನಿಂತಷ್ಟು ಬಿಚ್ಚುತ್ತ ಹೋಗಬೇಕು.

ಇಲ್ಲಿಗೆ ಟೀಚರ್ ಹೇಳಿದ ಮಾತಿನ ವಿಷಯಕ್ಕೆ ಬರುತ್ತೇನೆ. ಅವರ ಉದ್ದೇಶ ಒಳ್ಳೆಯದೇ ಇರಬಹುದು, ಸಲಹೆ ಮಾತ್ರ ತಪ್ಪು. ನೀವು ನಾಳೆಯಿಂದ ಮನೆಯಲ್ಲಿ ಇಂಗ್ಲಿಷ್ ಮಾತ್ರ ಎಂದು ನಿಯಮ ಮಾಡಿದರೆ ಮೊದಲು ಬಾಯಿ ಮುಚ್ಚಿಕೊಳ್ಳುವವರು ಅತ್ತೆ. ಆಮೇಲೆ ಮಾವ. ಹಗಲಿಡೀ ಹುಡುಗನ ಜೊತೆಗಿರುವ, ಮಾತಿನ ಭಂಡಾರವೇ ಇರುವ ಇಬ್ಬರು ‘ಕಮ್’, ‘ಸಿಟ್’, ‘ಈಟ್’ ಎಂಬ ಮೂರು ಪದಗಳಿಗೆ ಇಳಿಯುತ್ತಾರೆ. ಕೊಟ್ಟೆ ಕಟ್ಟುವಾಗಿನ ಆ ಮಾತುಕತೆ ಅವರಿಂದ ಇಂಗ್ಲಿಷಿನಲ್ಲಿ ಬರುವುದಿಲ್ಲ. ಮಗು ಕಳೆದುಕೊಳ್ಳುವುದು ಕನ್ನಡವನ್ನಷ್ಟೇ ಎಂದು ಟೀಚರ್ ತಿಳಿದಿದ್ದಾರೆ. ಅವನು ಕಳೆದುಕೊಳ್ಳುವುದು ತನ್ನ ಅತಿ ದೊಡ್ಡ ಗುರುಗಳನ್ನು.

ಮೂರು ಭಾಷೆ ಬೆರೆಸುವುದು ಗೊಂದಲವೂ ಅಲ್ಲ. ಯಾವ ಪದ ಮೊದಲು ಕೈಗೆ ಸಿಕ್ಕಿತೋ ಅದನ್ನು ಬಳಸುವುದು ಬಹುಭಾಷಿಕ ಮಕ್ಕಳ ಜಾಣತನ. ಅವನ ಪದಸಂಪತ್ತನ್ನು ಅಳೆಯುವುದಿದ್ದರೆ ಮೂರೂ ಭಾಷೆಗಳ ಪದಗಳನ್ನು ಕೂಡಿಸಿ ಎಣಿಸಬೇಕು. ಎರಡು ಭಾಷೆ ಕಲಿತರೆ ಬುದ್ಧಿ ಮಂದವಾಗುತ್ತದೆ ಎಂಬ ಹಳೆಯ ನಂಬಿಕೆಯನ್ನು ಪೀಲ್ ಮತ್ತು ಲ್ಯಾಂಬರ್ಟ್ 1962ರಲ್ಲೇ ಮಾಂಟ್ರಿಯಲ್‌ನ ಮಕ್ಕಳನ್ನು ಪರೀಕ್ಷಿಸಿ ಅಲುಗಾಡಿಸಿದ್ದರು. ಬಹುಭಾಷೆಯಿಂದ ಮಿದುಳಿಗೆ ವಿಶೇಷ ಲಾಭವಿದೆ ಎಂಬ ದೊಡ್ಡ ಮಾತುಗಳ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ಆದ್ದರಿಂದ ಆ ಆಸೆಯನ್ನು ನಾನು ತೋರಿಸುವುದಿಲ್ಲ. ಹಾನಿಯಿಲ್ಲ ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಮುಂಬಯಿ ಮಹಾನಗರಪಾಲಿಕೆಯೇ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿಕೊಂಡು ಬಂದ ಊರು ಇದು. ಇಲ್ಲಿನ ಮಗುವಿಗೆ ಮೂರು ಭಾಷೆ ಭಾರವೆಂದು ಹೇಳುವುದು ನನಗೆ ಸೋಜಿಗವೆನಿಸುತ್ತದೆ.

ಮೊಬೈಲಿನಲ್ಲಿ ಇಂಗ್ಲಿಷ್ ಪದ್ಯ ಹಾಕಿದರೆ ಭಾಷೆ ಬರುವುದಿಲ್ಲವೇ ಎಂದು ಕೇಳುವವರು ಬಹಳ. ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಮುಂದೆ ಚೀನೀ ಭಾಷೆ ಮಾತನಾಡುವವರನ್ನು ಹನ್ನೆರಡು ಸಲ ಕೂರಿಸಿದರು. ಕೂಸುಗಳು ಆ ಭಾಷೆಯ ಧ್ವನಿಭೇದವನ್ನು ಹಿಡಿದವು. ಅದೇ ಜನ, ಅದೇ ಮಾತು ವಿಡಿಯೋದಲ್ಲಿ ಬಂದಾಗ ಏನನ್ನೂ ಕಲಿಯಲಿಲ್ಲ. ನಿಮ್ಮ ಮಗನ ವಯಸ್ಸಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಇನ್ನೂ ಕಡಿಮೆಯಾದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊಟದ ಹೊತ್ತಿನಲ್ಲಂತೂ ಬೇಡವೇ ಬೇಡ.

ಇಷ್ಟೆಲ್ಲ ಮಾಡಿದರೆ ನಿಜವಾಗಿ ಜೀವನದಲ್ಲಿ ವ್ಯತ್ಯಾಸ ಆಗುತ್ತದೆಯೇ ಎಂದು ನಿಮ್ಮ ಗಂಡ ಕೇಳಬಹುದು. ಇಂಜಿನಿಯರ್ ಆದವರು ಪುರಾವೆ ಕೇಳಬೇಕು. ಅವರಿಗೆ ಜಮೈಕಾದ ಕತೆ ಹೇಳಿ. 1986-87ರ ಹೊತ್ತಿಗೆ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ಪೌಷ್ಟಿಕತೆ ಸಾಲದೆ ಎತ್ತರ ಕುಂಠಿತವಾಗಿದ್ದ ಒಂಬತ್ತರಿಂದ ಇಪ್ಪತ್ತನಾಲ್ಕು ತಿಂಗಳ 129 ಮಕ್ಕಳನ್ನು ಆರಿಸಿದರು. ಕೆಲವರಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪೋಷಕ ಪುಡಿ. ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ. ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಎರಡೂ ಇಲ್ಲ. ಆ ಕಾರ್ಯಕರ್ತೆಯರು ದೊಡ್ಡ ಪದವೀಧರೆಯರಲ್ಲ. ಒಂದು ಗಂಟೆ ಕುಳಿತು, ಮನೆಯಲ್ಲೇ ಸಿಗುವ ಪ್ಲಾಸ್ಟಿಕ್ ಬಾಟಲಿ, ಬಟ್ಟೆ ಚೂರುಗಳಿಂದ ಆಟಿಕೆ ಮಾಡಿ, ಮಗುವಿನೊಂದಿಗೆ ಹೇಗೆ ಆಡಬೇಕು, ಹೇಗೆ ಮಾತನಾಡಬೇಕು, ಹೇಗೆ ಶಹಬ್ಬಾಸ್ ಹೇಳಬೇಕು ಎಂದು ತಾಯಿಗೆ ತೋರಿಸಿಕೊಡುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಹಾಲಿನ ಪುಡಿಯ ಪರಿಣಾಮ ಕಾಲಕ್ರಮೇಣ ಕರಗಿತು. ಆಟ ಮತ್ತು ಮಾತಿನದು ಉಳಿಯಿತು. ಇಪ್ಪತ್ತು ವರ್ಷಗಳ ನಂತರ, ಆ ಮಕ್ಕಳು ದುಡಿಯತೊಡಗಿದಾಗ, ಕಾರ್ಯಕರ್ತೆ ಬರುತ್ತಿದ್ದ ಮನೆಗಳವರ ಗಳಿಕೆ ಉಳಿದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. 2014ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದೇ ಮಾದರಿಯನ್ನು ನಮ್ಮ ಕಟಕ್ ನಗರದ ಕೊಳೆಗೇರಿಗಳಲ್ಲೂ ನಡೆಸಿ ಮಕ್ಕಳ ಗ್ರಹಿಕೆ ಸುಧಾರಿಸಿದ್ದನ್ನು ನೋಡಿದ್ದಾರೆ. ಅನ್ನಹಾಲು ಬೇಡವೆಂದು ನಾನು ಹೇಳುತ್ತಿಲ್ಲ. ಕಬ್ಬಿಣಾಂಶ, ಅಯೋಡಿನ್ ಕೊರತೆಯಾದರೆ ಮಿದುಳು ಸೊರಗುತ್ತದೆ. ಆದರೆ ಉಣ್ಣಿಸುವಾಗ ಮಾತನಾಡುವ ಬಾಯಿಯೂ ಒಂದು ಬೇಕು.

ಇದರ ಗುಣ ಮುಂದಿನ ತಲೆಮಾರಿಗೂ ದಾಟುತ್ತದೆಯೇ? ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ 123 ಬಡ ಕಪ್ಪು ಮಕ್ಕಳಲ್ಲಿ ಸುಮಾರು ಅರ್ಧ ಜನರಿಗೆ ಪೆರ್ರಿ ಎಂಬ ಬಾಲವಾಡಿಯಲ್ಲಿ ಕಲಿಸಿ, ವಾರಕ್ಕೊಮ್ಮೆ ಶಿಕ್ಷಕಿಯರು ಮನೆಗೂ ಹೋಗಿ ಬರುತ್ತಿದ್ದರು. ಆ ಮಕ್ಕಳು ಐವತ್ತು ದಾಟಿದ ಮೇಲೆ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಅವರ ತಂಡ ಅವರ ಮಕ್ಕಳನ್ನು ವಿಚಾರಿಸಿತು. ಬಾಲವಾಡಿಗೆ ಹೋದವರ ಮಕ್ಕಳು ಶಾಲೆಯಿಂದ ಅಮಾನತಾಗುವುದು ಕಡಿಮೆ, ದೊಡ್ಡವರಾದ ಮೇಲೆ ಕೆಲಸದಲ್ಲಿ ನೆಲೆಯಾಗುವುದು ಹೆಚ್ಚು. ಆ ಮಕ್ಕಳು ಸ್ವತಃ ಬಾಲವಾಡಿಯ ಮೆಟ್ಟಿಲು ಹತ್ತಿದವರಲ್ಲ.

ಇಂಥದಕ್ಕೆಲ್ಲ ಹಣ ಬೇಕು ಎನ್ನುವವರಿಗೆ ನಾನು ತಾರಾಬಾಯಿ ಮೋಡಕ್ ಅವರ ಹೆಸರು ಹೇಳುತ್ತೇನೆ. 1945ರಲ್ಲಿ, ಆಗ ನಿಮ್ಮದೇ ಠಾಣೆ ಜಿಲ್ಲೆಯಲ್ಲಿದ್ದ ಬೋರ್ಡಿಯಲ್ಲಿ, ಮುಂದೆ ಅನುತಾಯಿ ವಾಘ್ ಅವರ ಜೊತೆ ಕೋಸಬಾಡದ ಆದಿವಾಸಿಗಳ ನಡುವೆ ಅವರು ಬಾಲವಾಡಿ ನಡೆಸಿದರು. ಮಾಂಟೆಸ್ಸರಿಯ ದುಬಾರಿ ಸಾಮಾನಿನ ಬದಲು ಕಲ್ಲು, ಎಲೆ, ಬೀಜ, ಚಿಪ್ಪು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗುತ್ತಿತ್ತು. ಅಂಗನವಾಡಿ ಎಂಬ ಕಲ್ಪನೆಯ ಬೇರು ಇಲ್ಲಿದೆ.

ಈಗ ಬೆತ್ತದ ವಿಷಯ. ನಿಮ್ಮ ಗಂಡನ ಮೇಲೆ ನನಗೆ ಕೋಪವಿಲ್ಲ. ಅವರು ಮಗನನ್ನು ಪ್ರೀತಿಸದೆ ಹೊಡೆದವರಲ್ಲ, ಹಿಂದುಳಿದುಬಿಡುತ್ತಾನೆ ಎಂಬ ಭಯದಿಂದ ಹೊಡೆದವರು. ಆದರೆ ‘ಏಟಿನಿಂದ ಇಷ್ಟಾದೆ’ ಎಂಬ ಲೆಕ್ಕದಲ್ಲಿ ತಪ್ಪಿದೆ. ಏಟಿಲ್ಲದೆ ಎಷ್ಟಾಗುತ್ತಿದ್ದರು ಎಂಬುದನ್ನು ಅವರು ನೋಡಿಯೇ ಇಲ್ಲ. ಎಲಿಜಬೆತ್ ಗೆರ್ಶಾಫ್ ಮತ್ತು ಆ್ಯಂಡ್ರೂ ಗ್ರೋಗನ್-ಕೇಲರ್ 2016ರಲ್ಲಿ ಐವತ್ತು ವರ್ಷಗಳ ಅಧ್ಯಯನಗಳನ್ನು, 1,60,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟುಮಾಡಿ ನೋಡಿದರು. ಹೊಡೆತಕ್ಕೆ ಒಳಿತಿನ ಜೊತೆ ಎಲ್ಲಿಯೂ ನಂಟು ಕಾಣಲಿಲ್ಲ. ಹಟಮಾರಿತನ, ಮಾನಸಿಕ ತೊಂದರೆ, ಗ್ರಹಿಕೆಯ ಹಿನ್ನಡೆ ಇವುಗಳ ಜೊತೆ ಇತ್ತು. ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ಟೀಚರ್ ಮಾಡಬಾರದ್ದನ್ನು ಅಪ್ಪ ಮಾಡಬಹುದೇ?

ಹಿಂದೊಮ್ಮೆ ಮುಲುಂಡಿನಿಂದ ಒಬ್ಬ ತಂದೆ ಬಂದಿದ್ದರು. ಮಗಳಿಗೆ ಮಗ್ಗಿ ಬರುವುದಿಲ್ಲವೆಂದು ಹೊಡೆಯುತ್ತಿದ್ದರು. ನಿಮ್ಮ ಅಪ್ಪ ಹೊಡೆದಾಗ ನೀವು ಎಲ್ಲಿಗೆ ಹೋಗುತ್ತಿದ್ದಿರಿ ಎಂದು ಕೇಳಿದೆ. ಚಾಳಿನಲ್ಲಿ ನೀರಿನ ಡ್ರಮ್ಮಿನ ಹಿಂದೆ ಕೂರುತ್ತಿದ್ದೆ ಎಂದರು. ತುಕ್ಕಿನ ವಾಸನೆ, ಬೆನ್ನಿಗೆ ತಾಗುತ್ತಿದ್ದ ತಣ್ಣನೆಯ ತಗಡು, ಎಲ್ಲ ನೆನಪಿತ್ತು. ಯಾವ ಲೆಕ್ಕ ತಪ್ಪಿದ್ದಕ್ಕೆ ಏಟು ಬಿತ್ತು ಎಂಬುದು ಮಾತ್ರ ಒಂದೂ ನೆನಪಿರಲಿಲ್ಲ. ಹೇಳುತ್ತ ಹೇಳುತ್ತ ಅವರೇ ಅದನ್ನು ಗಮನಿಸಿ ಸುಮ್ಮನಾದರು. ಹೆದರಿದ ಮಗುವಿನ ಗಮನವೆಲ್ಲ ಎತ್ತಿದ ಕೈಯ ಮೇಲಿರುತ್ತದೆ. 3ರ ಹೊಟ್ಟೆ ಯಾವ ಕಡೆಗೆ ಎಂದು ಯೋಚಿಸಲು ಅಲ್ಲಿ ಜಾಗವಿರುವುದಿಲ್ಲ.

ಏಟು ತಿಂದವರೆಲ್ಲ ಮಕ್ಕಳಿಗೆ ಹೊಡೆಯುವುದಿಲ್ಲ. ಯಾರು ಹೊಡೆಯುತ್ತಾರೆ, ಯಾರು ನಿಲ್ಲಿಸುತ್ತಾರೆ? ಅಮೆರಿಕದ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ 1975ರಲ್ಲಿ ಕೊಟ್ಟ ಉತ್ತರ ಇಂದಿಗೂ ನನ್ನ ಕೆಲಸದ ಆಧಾರ. ನಡೆದದ್ದನ್ನು ನೆನಪಿಟ್ಟು, ಆಗ ಪಟ್ಟ ನೋವನ್ನು ಮರೆತವರು ಅದನ್ನೇ ಮತ್ತೆ ಮಾಡುತ್ತಾರೆ. ನೋವನ್ನೂ ನೆನಪಿಟ್ಟವರು ತಮ್ಮ ಮಗುವಿನ ಪರವಾಗಿ ನಿಲ್ಲುತ್ತಾರೆ. ಇಲಿಗಳ ಮೇಲಿನ ಒಂದು ಪ್ರಯೋಗವೂ ನೆನಪಾಗುತ್ತದೆ. ಮರಿಗಳನ್ನು ಹೆಚ್ಚು ನೆಕ್ಕಿ ಆರೈಕೆ ಮಾಡುವ ತಾಯಿ ಇಲಿಗಳಿವೆ, ಕಡಿಮೆ ಮಾಡುವವೂ ಇವೆ. ಮಾಂಟ್ರಿಯಲ್‌ನ ಮೈಕಲ್ ಮೀನಿ ಅವರ ತಂಡ 1999ರಲ್ಲಿ ಮರಿಗಳನ್ನು ಅದಲುಬದಲು ಮಾಡಿತು. ಹೆಣ್ಣುಮರಿಗಳು ದೊಡ್ಡವಾದಾಗ ಹೆತ್ತ ತಾಯಿಯಂತೆ ಆಗಲಿಲ್ಲ, ಸಾಕಿದ ತಾಯಿಯಂತಾದವು. ಮನುಷ್ಯರ ವಿಷಯ ಇಲಿಗಳಷ್ಟು ಸರಳವಲ್ಲ, ಆದರೂ ಅತ್ತೆಯವರಿಗೆ ಇದನ್ನು ಹೇಳಿ.

ಆದ್ದರಿಂದ ಗಂಡನ ಜೊತೆ ವಾದಕ್ಕೆ ಇಳಿಯಬೇಡಿ. ಹುಡುಗ ಮಲಗಿದ ಮೇಲೆ, ಅಪ್ಪನ ಬೆತ್ತ ಬೀಳುವ ಮೊದಲು ಹೊಟ್ಟೆಯಲ್ಲಿ ಹೇಗಾಗುತ್ತಿತ್ತು ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಒಂದೇ ರಾತ್ರಿಯಲ್ಲಿ ಉತ್ತರ ಬಾರದಿರಬಹುದು. ಅವರು ಮನೆಗೆ ಬರುವ ಹೊತ್ತಿಗೆ ಲೋಕಲ್ ಗಾಡಿ ಅವರನ್ನು ಹಿಂಡಿಹಾಕಿರುತ್ತದೆ. ಬರವಣಿಗೆ ಕಲಿಸುವ ಕೆಲಸವನ್ನು ಆ ಹೊತ್ತಿನಲ್ಲಿ ಅವರಿಗೆ ಒಪ್ಪಿಸಲೇಬೇಡಿ. ಬದಲಿಗೆ ಹದಿನೈದು ನಿಮಿಷ ಅವರಿಬ್ಬರೂ ನೆಲದ ಮೇಲೆ ಮಲಗಿ ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಲ್ವಾ, ಠಾಣೆ ಎಂದು ಗಾಡಿ ಆಟ ಆಡಲಿ. ದಿವಾ ಬಿಟ್ಟರೆ ಮುಂದಿನದು ಯಾವುದು, ಠಾಣೆಯಿಂದ ಹಿಂದಕ್ಕೆ ಬಂದರೆ ಮೊದಲು ಸಿಗುವುದು ಯಾವುದು ಎಂದು ಹುಡುಗ ಹೇಳಲಿ. ಅನುಕ್ರಮವನ್ನು ಮನಸ್ಸಿನಲ್ಲಿ ಹಿಡಿದು ತಿರುಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಮಾವನವರಿಗೂ ಒಂದು ಕೆಲಸ ಕೊಡಿ. ಅಜ್ಜ ಹೇಗೆ ಊರಿನಿಂದ ಬಂದರು, ಮೊದಲ ದಿನ ಎಲ್ಲಿ ಮಲಗಿದರು, ರಾತ್ರಿ ಶಾಲೆಯಲ್ಲಿ ಪಕ್ಕ ಕೂರುತ್ತಿದ್ದವರು ಯಾರು, ಎಲ್ಲವನ್ನೂ ಮೊಮ್ಮಗನಿಗೆ ಹೇಳಲಿ. ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೀವುಶ್ ಮಕ್ಕಳಿಗೆ ತಮ್ಮ ಮನೆತನದ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳಿ ನೋಡಿದ್ದರು. ಹೆಚ್ಚು ತಿಳಿದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚು ಕಂಡಿತು. ಇದು ನಂಟು ಮಾತ್ರ, ಕಾರಣವೆಂದು ಸಾಧಿಸಿದ್ದಲ್ಲ. ಆದರೆ ಹಳೆಯದನ್ನು ಬಿಡಿಸಿ ಬಿಡಿಸಿ ಕೇಳುವ ಮನೆಯ ಮಕ್ಕಳ ನೆನಪು ಮತ್ತು ಕಥನಶಕ್ತಿ ಬೆಳೆಯುತ್ತದೆ ಎಂಬುದಕ್ಕೆ ನ್ಯೂಜಿಲೆಂಡಿನ ಇಲೇನ್ ರೀಸ್ ಅವರ ಕೆಲಸದಲ್ಲಿ ಗಟ್ಟಿ ಆಧಾರವಿದೆ. ಬೆತ್ತ ಹಿಡಿದಿದ್ದ ಕೈಗೆ ಮೊಮ್ಮಗನ ಮುಂದೆ ಬೇರೆ ಕೆಲಸ ಸಿಕ್ಕರೆ ನಿಮ್ಮ ಗಂಡನೂ ಅದನ್ನು ಪಕ್ಕದಲ್ಲಿ ಕೂತು ನೋಡುತ್ತಾರೆ.

ಕೊನೆಗೆ, ಪತ್ರದಲ್ಲಿ ನೀವು ಬರೆಯದ ಒಂದು ವಿಷಯ. ಹೆಸರು ಹಿಡಿದು ಕರೆದರೆ ಹುಡುಗ ತಿರುಗಿ ನೋಡುತ್ತಾನೆಯೇ, ಟಿವಿಯ ಸದ್ದು ಹೆಚ್ಚಿಸು ಎನ್ನುತ್ತಾನೆಯೇ, ಪದೇ ಪದೇ ಶೀತವಾಗಿ ಕಿವಿ ಸೋರುತ್ತದೆಯೇ ಎಂದು ಗಮನಿಸಿ. ಮೊದಲು ಆಡುತ್ತಿದ್ದ ಮಾತುಗಳನ್ನು ಈಗ ಬಿಟ್ಟಿದ್ದರೆ ಒಂದು ದಿನವೂ ಕಾಯಬೇಡಿ. ಸ್ವಲ್ಪ ಅನುಮಾನವಿದ್ದರೂ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆ ಮಾಡಿಸಿ. ಬಾಂದ್ರಾ ರೆಕ್ಲಮೇಶನ್ನಿನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಮನೆಯಲ್ಲಿ ಮಗು ಯಾವ ಭಾಷೆಯಲ್ಲಿ ಏನೇನು ಮಾತನಾಡುತ್ತಾನೆ ಎಂದು ಪರೀಕ್ಷಿಸುವವರು ಕೇಳುತ್ತಾರೆ. ಅದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲವರು ಅವರೇ.